ಕಣ್ಣು ಓಡಿದರೂ ಬಳ್ಳಾರಿ ಗುಡ್ಡ ಯಾಕೆ ಓಡುವುದಿಲ್ಲ?

ನೀವು ಕೇಳಿದ್ದು: ಮೊಬೈಲನ್ನು ಬಳ್ಳಾರಿ ಗುಡ್ಡದ ಈ ತುದಿಯಿಂದ ಆ ತುದಿಗೆ ಸರ್ರನೆ ತಿರುಗಿಸಿದರೆ ವಿಡಿಯೊ ಕಲಸಿಹೋಗುತ್ತದೆ, ಕಣ್ಣು ಹೊರಳಿಸಿದರೆ ಮಾತ್ರ ಗುಡ್ಡ ಇದ್ದಲ್ಲೇ ಇರುತ್ತದೆ, ಯಾಕೆ?

ನಿಂತ ವಸ್ತುವಿನ ಮೇಲೆ ಕಣ್ಣು ಜಾರುವುದಿಲ್ಲ, ಜಿಗಿಯುತ್ತದೆ. ಕೋಟೆಗೋಡೆಯ ಗುಂಟ ದೃಷ್ಟಿಯನ್ನು ನಿಧಾನಕ್ಕೆ ಸರಿಸಲು ನೋಡಿ. ಎದುರಿಗೆ ನಿಂತವರಿಗೆ ನಿಮ್ಮ ಕಣ್ಣು ನಿಂತು ನಿಂತು ಹಾರುವುದು ಕಾಣುತ್ತದೆ. ಸೆಕೆಂಡಿಗೆ ಸುಮಾರು 3 ಜಿಗಿತ, ಒಂದೊಂದಕ್ಕೆ 20ರಿಂದ 100 ಮಿಲಿಸೆಕೆಂಡ್. ಆ ಗಳಿಗೆಯಲ್ಲಿ ಚಲನೆಯನ್ನು ಗುರುತಿಸುವ ಶಕ್ತಿ ತಗ್ಗುತ್ತದೆ. ಜಿಗಿತದ ಹಿಂದುಮುಂದಿನ ಸ್ಪಷ್ಟ ಚಿತ್ರಗಳು ನಡುವಿನ ಕಲಸನ್ನು ಮುಚ್ಚಿಬಿಡುತ್ತವೆ. ಕನ್ನಡಿಯಲ್ಲಿ ನಿಮ್ಮ ಎಡಗಣ್ಣು, ಬಲಗಣ್ಣು ಬದಲಿಸಿ ನೋಡಿಕೊಳ್ಳಿ, ಹೊರಳುವುದು ಕಾಣುವುದೇ ಇಲ್ಲ. ಸೆಲ್ಫಿ ಕ್ಯಾಮೆರಾದಲ್ಲಿ ಕಂಡೀತು, ಏಕೆಂದರೆ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ.

ಇದು ಅರ್ಧ ಉತ್ತರ. ಮುಖ್ಯವಾದದ್ದು, ಕಣ್ಣಿನ ಸ್ನಾಯುಗಳಿಗೆ ಹೋಗುವ ಆಜ್ಞೆಯ ಒಂದು ನಕಲು ಮಿದುಳಿನ ನೋಡುವ ಭಾಗಗಳಿಗೂ ಮುಟ್ಟುತ್ತದೆ. ರೆಟಿನಾದ (ಕಣ್ಣೊಳಗೆ ಚಿತ್ರ ಬೀಳುವ ಹಿಂಬದಿಯ ಪರದೆ) ಮೇಲೆ ಸರಿದ ಚಿತ್ರದಲ್ಲಿ ‘ನನ್ನಿಂದ ಆದದ್ದು ಇಷ್ಟು’ ಎಂದು ಮಿದುಳು ಕಳೆಯುತ್ತದೆ. ಉಳಿದದ್ದೇ ಹೊರಗಿನ ಚಲನೆ. 1950ರಲ್ಲಿ ಜರ್ಮನಿಯ ವಿಜ್ಞಾನಿಗಳಾದ ಫಾನ್ ಹೋಲ್ಸ್ಟ್, ಮಿಟ್ಟೆಲ್‌ಸ್ಟೆಟ್ ಇದನ್ನು ಮಂಡಿಸಿದರು. ಅದೇ ವರ್ಷ ಅಮೆರಿಕದ ರೋಜರ್ ಸ್ಪೆರಿ ಪ್ರತ್ಯೇಕವಾಗಿ ಅದೇ ತೀರ್ಮಾನಕ್ಕೆ ಬಂದರು. ವಿಡಿಯೊ ನೋಡುವಾಗ ಚಿತ್ರ ಸರಿಯುತ್ತದೆ, ಕಣ್ಣಿಗೆ ಆಜ್ಞೆ ಹೋಗಿರುವುದಿಲ್ಲ. ಕಳೆಯಲು ಏನೂ ಇಲ್ಲದ್ದರಿಂದ ಗುಡ್ಡವೇ ಓಡಿದಂತೆ ಕಾಣುತ್ತದೆ.

ಪರೀಕ್ಷೆ ಬೇಕೆ? ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನ ಹೊರಮೂಲೆಯಲ್ಲಿ ರೆಪ್ಪೆಯ ಮೇಲಿಂದ ಬೆರಳ ತುದಿಯಿಂದ ಮೆತ್ತಗೆ ತಟ್ಟಿ. ಗೋಡೆ, ಕ್ಯಾಲೆಂಡರ್ ಎಲ್ಲ ಕುಣಿಯುತ್ತವೆ, ಏಕೆಂದರೆ ಕಣ್ಣನ್ನು ಅಲ್ಲಾಡಿಸಿದ್ದು ಬೆರಳು, ಕಣ್ಣಿನ ಸ್ನಾಯುವಲ್ಲ. ಗ್ಲಾಕೋಮಾ ಇದ್ದವರು, ಕಣ್ಣಿನ ಆಪರೇಷನ್ ಆದವರು ಇದನ್ನು ಮಾಡಲೇಬೇಡಿ.

ಈ ಕಳೆಯುವ ಲೆಕ್ಕ ಪಕ್ಕಾ ಅಲ್ಲ. ಚಲಿಸುವ ವಸ್ತು ಸಿಕ್ಕರೆ ಕಣ್ಣು ಜಿಗಿಯದೆ ಅದರ ಬೆನ್ನು ಹತ್ತುತ್ತದೆ. ಸೆಕೆಂಡಿಗೆ ಸುಮಾರು 30 ಡಿಗ್ರಿವರೆಗೆ ಸಲೀಸು, ಅದಕ್ಕೂ ವೇಗವಾದರೆ ಹಿಂದೆ ಬಿದ್ದು ಜಿಗಿದು ಸರಿಹೋಗುತ್ತದೆ. ಕೈ ಚಾಚಿ ಹೆಬ್ಬೆರಳನ್ನು ಅಡ್ಡಡ್ಡ ಆಡಿಸುತ್ತ ಉಗುರನ್ನೇ ನೋಡಿ. ಹಿಂದಿನ ಗೋಡೆ ತುಸು ಎದುರು ದಿಕ್ಕಿಗೆ ಸರಿದಂತೆ ಕಾಣುತ್ತದೆ. ಹಾಗೆಯೇ ರಸ್ತೆಯ ಬಸ್ಸನ್ನು ಕಣ್ಣಲ್ಲೇ ಹಿಂಬಾಲಿಸಿದಾಗ ಅದರ ವೇಗ, ಒಂದು ಕಂಬವನ್ನು ದಿಟ್ಟಿಸುತ್ತ ನೋಡಿದಾಗ ಕಾಣುವುದಕ್ಕಿಂತ ಕಡಿಮೆ ಅನಿಸುತ್ತದೆ. (ರಾಯಚೂರು ಸ್ಟೇಷನ್‌ನಲ್ಲಿ ಪಕ್ಕದ ಗಾಡಿ ಹೊರಟರೆ ನಮ್ಮದೇ ಹೊರಟಂತೆ ಅನಿಸುವುದು ಬೇರೆ ವಿಷಯ, ಅದನ್ನು ಇಲ್ಲಿಗೆ ಬೆರೆಸಬೇಡಿ.)

ತಲೆ ಅಲುಗಿದಾಗ ಕೆಲಸ ಒಳಕಿವಿಯದು: ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ಪೇಪರ್ ಹಿಡಿದು ತಲೆಯನ್ನು ಸೆಕೆಂಡಿಗೆ ಎರಡು ಸಲ ಅಲ್ಲಾಡಿಸಿದರೂ ಓದಬಹುದು; ಅದೇ ವೇಗದಲ್ಲಿ ಪೇಪರನ್ನು ಅಲ್ಲಾಡಿಸಿದರೆ ಅಕ್ಷರ ಹತ್ತುವುದಿಲ್ಲ. ನಡೆಯುವಾಗ ಅಂಗಡಿ ಬೋರ್ಡುಗಳು ಕುಣಿಯುತ್ತಿದ್ದರೆ ಒಳಕಿವಿ ಪರೀಕ್ಷೆಗೆ ಕಿವಿ ವೈದ್ಯರ ಹತ್ತಿರ ಹೋಗಿ. ಇದು ಒಮ್ಮೆಲೇ ಶುರುವಾಗಿ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಬೇಕು.