ಮಾವನಂತೆ ಕೊಡಲು ಹೊರಟವರು

ತೀರಿಕೊಂಡವರ ದಾನಬುದ್ಧಿಯನ್ನು ತಾವೇ ಮುಂದುವರಿಸಬೇಕೆಂದು ಹೊರಟು ಸಾಲಕ್ಕೆ ಬೀಳುವವರು ಆಪ್ತಸಲಹೆಗೆ ಮತ್ತೆ ಮತ್ತೆ ಬರುತ್ತಾರೆ. ಅಂಥ ಒಬ್ಬರ ಪ್ರಕರಣ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.

ಮೂವತ್ತರ ಆಸುಪಾಸಿನ ಮಹಿಳೆ. ತೀರಿಕೊಂಡವರು ಸೋದರಮಾವ: ಬಂಡೆ, ಬೆಟ್ಟ ಹತ್ತುವವರು, ಕೈಬಿಚ್ಚಿ ಕೊಡುವವರು. ಮನೆಮಂದಿ ಸೇರಿದಾಗಲೆಲ್ಲ ಒಂದೇ ಮಾತು: 'ಅವರು ಯಾರಿಗೂ ಇಲ್ಲ ಅಂದವರಲ್ಲ.' ಈಕೆ ಅದನ್ನೇ ಹೆಗಲಿಗೇರಿಸಿಕೊಂಡರು. ಕೇಳಿದ ನೆಂಟರಿಗೆಲ್ಲ ಮೊದಲು ಉಳಿತಾಯದಿಂದ ಕೊಟ್ಟರು, ಆಮೇಲೆ ಕ್ರೆಡಿಟ್ ಕಾರ್ಡಿನಿಂದ. ನಿದ್ದೆ ಕೆಟ್ಟ ಮೇಲೆ ಬಂದರು.

ಮೂರನೆಯ ಭೇಟಿಯಲ್ಲಿ ನಾನು ಕೇಳಿದ್ದು ಇಷ್ಟೇ: "ನಿಮ್ಮ ಮಾವ ಯಾರಿಗಾದರೂ 'ಬೇಡ' ಅಂದದ್ದು ನೆನಪಿದೆಯೇ?"

ಇಲ್ಲವೆಂದರು. ಸ್ವಲ್ಪ ಸಿಟ್ಟೂ ಬಂತು. ಹಾಗಾದರೆ ಅವರ ಜೊತೆ ಹತ್ತಲು ಹೋದ ಒಂದು ದಿನವನ್ನು ಬೆಳಗಿನಿಂದ ಹೇಳಿ ಎಂದೆ. ಚೀಲಕ್ಕೆ ಏನೇನು ತುಂಬಿದರು, ಹಗ್ಗ ಯಾರು ಹೊತ್ತರು ಎಂದು ಹೇಳುತ್ತ ಹೋದವರು ತಟ್ಟನೆ ನಿಂತರು.

"ನನಗೇ ಅಂದಿದ್ರು ಮೇಡಂ. ಸೊಂಟದ ಹತ್ರ ಹಗ್ಗದ ಗಂಟನ್ನ ನಾನು ಇನ್ನೊಂದ್ಸಲ ನೋಡ್ಲಿಲ್ಲ. ಅಷ್ಟಕ್ಕೇ ಅವತ್ತು ಹತ್ತೋಕೆ ಬಿಡ್ಲಿಲ್ಲ. ಎಷ್ಟು ಗೋಗರೆದ್ರೂ ಬಿಡ್ಲಿಲ್ಲ." ಸ್ವಲ್ಪ ಹೊತ್ತಿನ ಮೇಲೆ: "ದುಡ್ಡು ಕೊಡುವಾಗಲೂ ಹಾಗೇ. 'ಇದು ವಾಪಸ್ ಬರದಿದ್ರೂ ನಂಗೆ ನಿದ್ದೆ ಬರುತ್ತಾ' ಅಂತ ಕೇಳ್ಕೊಂಡು ಕೊಡೋರು."

ಸತ್ತವರಲ್ಲಿ ತಪ್ಪು ಹುಡುಕಿಸುತ್ತೀರಿ ಎಂದು ಆ ಮನೆಯ ಹಿರಿಯರೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಗಂಟನ್ನು ಎರಡು ಸಲ ನೋಡುವುದು, ಹವೆ ಕೆಟ್ಟರೆ ತುದಿ ಮುಟ್ಟದೆ ಇಳಿಯುವುದು ಆ ಸಾಹಸದ ಭಾಗವೇ. ಅದನ್ನು ಕಿತ್ತು ಹಾಕಿ ಹೊಗಳಿದರೆ ಉಳಿಯುವುದು ಹುಂಬತನ. ಪ್ರೀತಿಯಿಂದ ನೆನೆಯುವವರು ಅನುಕರಿಸುವುದೂ ಅದನ್ನೇ. ಮಾವನನ್ನು ಮರೆಯಿರಿ ಎಂದಂತೂ ನಾನು ಹೇಳಲಿಲ್ಲ. ಹೋದವರೊಡನೆ ನಂಟು ಉಳಿಸಿಕೊಳ್ಳುವುದು ಕಾಯಿಲೆಯಲ್ಲ ಎಂದು ಶೋಕದ ಅಧ್ಯಯನಕಾರರು 1990ರ ದಶಕದಿಂದಲೇ ಹೇಳುತ್ತಿದ್ದಾರೆ.

ಸಲಹೆ ಒಂದು ನೋಟ್‌ಬುಕ್ಕಿನದು. ಒಂದು ಪುಟಕ್ಕೆ ಮಾವನ ಬಗೆಗಿನ ಒಂದೇ ಘಟನೆ. ವಾರಕ್ಕೆ ಎರಡು ಸಲ, ಅಲಾರಾಂ ಇಟ್ಟು 20 ನಿಮಿಷ, ಮುಗಿದ ಕೂಡಲೇ ಕೈಗೆ ಕೆಲಸವಿರುವ ಯಾವುದಾದರೂ ಮನೆಗೆಲಸ. ಶೋಕದವರು ದುಃಖಕ್ಕೂ ದಿನದ ಕೆಲಸಕ್ಕೂ ನಡುವೆ ಹೋಗಿಬರುತ್ತಿರುತ್ತಾರೆ ಎಂದು ಶೋಕದ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖಟ್ 1999ರಲ್ಲಿ ವಿವರಿಸಿದರು. ಸಮಯದ ಮಿತಿ ಅದಕ್ಕಾಗಿ. ರಾತ್ರಿಯೆಲ್ಲ ಕೂತು ಬರೆಯುವವರು ಮರುದಿನದಿಂದ ಪುಸ್ತಕ ಮುಟ್ಟುವುದಿಲ್ಲ. 'ಧೈರ್ಯಶಾಲಿ', 'ಉದಾರಿ' ಎಂದು ಬರೆಯಬಾರದು. ಕೈ ಏನು ಮಾಡಿತು, ಬಾಯಿ ಏನು ಹೇಳಿತು, ಪಕ್ಕದಲ್ಲಿ ಯಾರಿದ್ದರು, ಅಷ್ಟೇ. ನೆಂಟರನ್ನು 'ಹೇಗಿದ್ದರು' ಎಂದು ಕೇಳಿದರೆ ಮತ್ತೆ ಹೊಗಳಿಕೆಯೇ ಬರುತ್ತದೆ. 'ಅವರ ಚೀಲದಲ್ಲಿ ಏನಿರುತ್ತಿತ್ತು?' ಎಂದು ಕೇಳಿ. ಒಂದೇ ಘಟನೆಯನ್ನು ಇಬ್ಬರು ಎರಡು ಬಗೆಯಲ್ಲಿ ಹೇಳಿದರೆ ಹೆಸರು ಹಾಕಿ ಎರಡನ್ನೂ ಬರೆದಿಡಿ. ಯಾವುದು ನಿಜ ಎಂದು ತೀರ್ಮಾನಿಸಲು ಹೋದರೆ ಮನೆಯಲ್ಲಿ ಜಗಳ. ಒಪ್ಪಿಗೆ ಪಡೆದು ಧ್ವನಿಮುದ್ರಣ ಮಾಡಿದ್ದನ್ನು ಫೋನಿನಲ್ಲಷ್ಟೇ ಬಿಡದೆ ಇನ್ನೆರಡು ಕಡೆ ಪ್ರತಿ ಇಡಬೇಕು. ಫೋಟೋ ಹಿಂದೆ ಬಾಲ್‌ಪೆನ್ ಬೇಡ, ಒತ್ತು ಮುಂದಕ್ಕೆ ಮೂಡುತ್ತದೆ. ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್ ಸಾಕು.

ಹಣದ ವಿಷಯದಲ್ಲಿ ಮಾತ್ರ ನಿಷ್ಠುರವಾಗಿಯೇ ಹೇಳಿದೆ: ಕೇಳಿದ ದಿನವೇ ಉತ್ತರ ಬೇಡ, 7 ದಿನ ಕಾಯಿರಿ, ಕಾರ್ಡಿನ ಸಾಲ ತೀರುವವರೆಗೆ ಯಾರಿಗೂ ಕೊಡಬೇಡಿ, ಆಮೇಲೂ ಮಾವನ ಪ್ರಶ್ನೆಯನ್ನು ಕೇಳಿಕೊಂಡೇ ಕೊಡಿ.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣ ಪಟ್ಟಿಯಾದ ಐಸಿಡಿ-11 ಪ್ರಕಾರ, 6 ತಿಂಗಳು ದಾಟಿದರೂ ತೀವ್ರ ಹಂಬಲ ಇಳಿಯದೆ ದಿನದ ಬದುಕು ನಡೆಸಲಾಗದಿದ್ದರೆ ಅದು ದೀರ್ಘ ಶೋಕದ ಕಾಯಿಲೆಯಿರಬಹುದು. ಆಗ ನೋಟ್‌ಬುಕ್ ಸಾಲದು, ಮನೋವೈದ್ಯರು ಬೇಕು. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು. ಈಕೆಗೆ ಮನೋವೈದ್ಯರ ಅಗತ್ಯ ಬೀಳಲಿಲ್ಲ.

ಸಾಲ ಇನ್ನೂ ತೀರಿಲ್ಲ. ನೆಂಟರಲ್ಲಿ ಇಬ್ಬರು ಮಾತು ಬಿಟ್ಟಿದ್ದಾರೆ. ಮಾವ ತುದಿ ಮುಟ್ಟದೆ ವಾಪಸಾದ ದಿನಗಳನ್ನು ಅವರ ಜೊತೆ ಹತ್ತಿದವರಿಂದ ಕೇಳಿ ಈಕೆ ಈಗ ಬರೆಯುತ್ತಿದ್ದಾರೆ.