ಅಂಗಡಿಯಲ್ಲಿ ಸಂಬಳವಿಲ್ಲ, ಗೃಹಲಕ್ಷ್ಮಿಯೂ ನಿಂತಿದೆ

ಅರಸೀಕೆರೆ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರದ ಸಾರ ಇದು: ‘ಯಜಮಾನರಿಗೆ ಲಕ್ವ ಹೊಡೆದ ಮೇಲೆ ಎರಡು ವರ್ಷದಿಂದ ದಿನಸಿ ಅಂಗಡಿಯನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಸಂಬಳ ಅಂತ ಒಂದು ರೂಪಾಯಿ ತೆಗೆದುಕೊಂಡಿಲ್ಲ. ದಿನಕ್ಕೆ 4,500 ರೂಪಾಯಿ ವ್ಯಾಪಾರ, ರೂಪಾಯಿಗೆ 12 ಪೈಸೆ ಉಳಿಯುತ್ತದೆ. ಹೋದ ವರ್ಷ ಬ್ಯಾಂಕ್ ಸಾಲಕ್ಕೆಂದು ನನ್ನ ಹೆಸರಲ್ಲಿ ಜಿಎಸ್‌ಟಿ ಮಾಡಿಸಿದರು. ನಾಲ್ಕು ತಿಂಗಳಿಂದ ಗೃಹಲಕ್ಷ್ಮಿ ಬರುತ್ತಿಲ್ಲ. ಬಿಪಿಎಲ್ ಕಾರ್ಡೂ ಹೋಗುತ್ತದೆ ಅಂತ ಹೆದರಿಸುತ್ತಿದ್ದಾರೆ. ಪದವಿ ಮುಗಿಸಿದ ಮಗ ಅಂಗಡಿಯಲ್ಲಿ ಕೂರುತ್ತಾನೆ, ಅವನು ಯುವನಿಧಿಗೆ ಹಾಕಬಹುದೇ?’

ಸೋದರಿ, ನಮಸ್ಕಾರ.

ನಿಮ್ಮ ಪತ್ರದಲ್ಲಿ ‘ಸಂಬಳ ತೆಗೆದುಕೊಂಡಿಲ್ಲ’ ಎಂಬ ಮಾತು ಮೂರು ಕಡೆ ಬಂದಿದೆ. ಅದು ನಿಮ್ಮನ್ನು ಕಾಪಾಡುವುದೂ ಇಲ್ಲ, ಸಿಕ್ಕಿಸುವುದೂ ಇಲ್ಲ. ಗೃಹಲಕ್ಷ್ಮಿಗೆ ಮನೆಯೊಡತಿ ದುಡಿಯುತ್ತಾಳೋ ಇಲ್ಲವೋ ಎಂಬ ಷರತ್ತೇ ಇಲ್ಲ. ಅವಳಾಗಲಿ ಅವಳ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರೋ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರೋ ಎಂದಷ್ಟೇ ನೋಡುತ್ತಾರೆ. ಹಣ ನಿಂತಿರುವುದು ನೀವು ಅಂಗಡಿಯಲ್ಲಿ ಕೂತದ್ದಕ್ಕಲ್ಲ, ನಿಮ್ಮ ಹೆಸರಲ್ಲಿ ಜಿಎಸ್‌ಟಿ ಸಂಖ್ಯೆ ಇರುವುದಕ್ಕೆ. ಸಾಲ ಸುಲಭವಾಗಲೆಂದು ಮನೆಯ ಹೆಂಗಸಿನ ಹೆಸರಲ್ಲಿ ಎಲ್ಲವನ್ನೂ ಮಾಡಿಸುತ್ತಾರೆ. ತಿಂಗಳಿಗೆ 2,000 ರೂಪಾಯಿ ತಪ್ಪುತ್ತದೆ ಎಂದು ಆ ಹೊತ್ತಿಗೆ ಯಾರೂ ಅವಳಿಗೆ ಹೇಳುವುದಿಲ್ಲ. ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ನಿಮಗೆ ಜಿಎಸ್‌ಟಿ ಬೇಕೇ ಬೇಕಿತ್ತೆ? ತಿಂಗಳಿಗೆ 26 ದಿನ ಹಿಡಿದರೆ ವ್ಯಾಪಾರ 1,17,000, ವರ್ಷಕ್ಕೆ 14,04,000. ಸರಕು ಮಾತ್ರ ಮಾರುವವರಿಗೆ ನೋಂದಣಿ ಕಡ್ಡಾಯವಾಗುವುದು ವರ್ಷಕ್ಕೆ 40 ಲಕ್ಷ ದಾಟಿದರೆ. ಹೊರ ರಾಜ್ಯಕ್ಕೆ ಮಾಲು ಕಳಿಸದಿದ್ದರೆ ನಿಮಗೆ ಅದರ ಅಗತ್ಯವಿಲ್ಲ. ಆದರೆ ಒಂದು ಎಚ್ಚರ: ಅಂಗಡಿಯ ಪಕ್ಕದಲ್ಲೇ ಇಡ್ಲಿ, ಚಿತ್ರಾನ್ನ ಶುರು ಮಾಡಿದರೆ ಹೋಟೆಲ್ ಕೆಲಸ ಸೇವೆಯ ಲೆಕ್ಕಕ್ಕೆ ಹೋಗುತ್ತದೆ, ಆಗ ಮಿತಿ 20 ಲಕ್ಷ. ಬೋರ್ಡಿಗೆ ಅಂಟಿಸಿದ ಕ್ಯೂಆರ್ ಕೋಡಿಗೆ ಬಂದ ಹಣವೂ ವಾಣಿಜ್ಯ ತೆರಿಗೆ ಇಲಾಖೆಗೆ ಕಾಣುತ್ತದೆ. 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋದದ್ದು ಯುಪಿಐ ಲೆಕ್ಕ ಹಿಡಿದೇ. ಹಾಗಾಗಿ ಮನೆಯವರು, ನೆಂಟರು ಕಳಿಸುವ ಹಣಕ್ಕೆ ಬೇರೆ ಖಾತೆ ಇರಲಿ.

ಜಿಎಸ್‌ಟಿ ನೋಂದಣಿ ರದ್ದು ಮಾಡಿಸುವ ಮುಂಚೆ ಬ್ಯಾಂಕಿಗೆ ಹೋಗಿ ಕೇಳಿ. ಸಾಲದ ಕರಾರಿನಲ್ಲಿ ಜಿಎಸ್‌ಟಿ ರಿಟರ್ನ್ಸ್ ಕೊಡಬೇಕೆಂದು ಇದ್ದರೆ ನವೀಕರಣದ ಹೊತ್ತಿಗೆ ಕಾಟವಾಗುತ್ತದೆ. ಅವರು ಒಪ್ಪಿದ ಮೇಲೆ, ಬಾಕಿ ಉಳಿದ ರಿಟರ್ನ್ಸ್ ಎಲ್ಲವನ್ನೂ ಹಾಕಿಸಿ. ತಡವಾದದ್ದಕ್ಕೆ ದಿನಕ್ಕೆ 50 ರೂಪಾಯಿ ಶುಲ್ಕ. ನಿಮ್ಮಷ್ಟು ವ್ಯಾಪಾರದವರಿಗೆ ಒಂದೊಂದು ರಿಟರ್ನ್ಸ್‌ಗೆ 2,000ಕ್ಕೆ ನಿಲ್ಲುತ್ತದೆ. ವ್ಯಾಪಾರವೇ ಆಗಿಲ್ಲವೆಂದು ‘ನಿಲ್’ ಹಾಕಿದರೆ ದಿನಕ್ಕೆ 20, ಹೆಚ್ಚೆಂದರೆ 500. ಈ ವ್ಯತ್ಯಾಸಕ್ಕೆ ಆಸೆಪಟ್ಟು ‘ನಿಲ್’ ಹಾಕಿಕೊಡುವವರು ಸಿಗುತ್ತಾರೆ, ಖಂಡಿತ ಒಪ್ಪಬೇಡಿ. ಯುಪಿಐ ಖಾತೆಯಲ್ಲಿ ದಿನವೂ ಹಣ ಬಂದಿರುವಾಗ ಅದು ಸುಳ್ಳೆಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಆಮೇಲೆ ಜಿಎಸ್‌ಟಿ ಪೋರ್ಟಲ್ಲಿನ ನೋಂದಣಿ ವಿಭಾಗದಲ್ಲಿ ಆರ್‌ಇಜಿ-16 ಎಂಬ ರದ್ದತಿ ಅರ್ಜಿ ಹಾಕಿಸಿ. ಅಲ್ಲಿ ಕಾರಣ ಆರಿಸುವಾಗಲೇ ಹೆಚ್ಚು ಜನ ಎಡವುತ್ತಾರೆ. ‘ವ್ಯಾಪಾರ ಮುಚ್ಚಿದೆ’ ಎಂದು ಒತ್ತಬೇಡಿ, ಅಂಗಡಿ ತೆರೆದೇ ಇದೆಯಲ್ಲ. ‘ಇನ್ನು ಮುಂದೆ ತೆರಿಗೆ ಕಟ್ಟುವ ಹೊಣೆ ಇಲ್ಲ’ ಎಂಬರ್ಥದ ಕಾರಣವೇ ನಿಮ್ಮದು. ಅಂದು ಅಂಗಡಿಯಲ್ಲಿ ಉಳಿದ ಮಾಲಿನ ಬೆಲೆಯನ್ನೂ ತೋರಿಸಬೇಕು. ಅದನ್ನು ಕೊಳ್ಳುವಾಗ ಪಡೆದ ತೆರಿಗೆ ಜಮೆ (ಕೊಂಡಾಗ ಕಟ್ಟಿದ ತೆರಿಗೆಯಲ್ಲಿ ನೀವು ವಜಾ ಮಾಡಿಕೊಂಡದ್ದು), ಮಾರಿದ್ದರೆ ಬರುತ್ತಿದ್ದ ತೆರಿಗೆ, ಎರಡರಲ್ಲಿ ಹೆಚ್ಚಿನದನ್ನು ಕಟ್ಟಬೇಕಾಗುತ್ತದೆ. ಆದ್ದರಿಂದ ಹಬ್ಬಕ್ಕೆ ಮಾಲು ತುಂಬುವ ಮುಂಚೆ ರದ್ದು ಮಾಡಿಸಿದರೆ ಹೊರೆ ಕಡಿಮೆ. ಎಲ್ಲ ಸರಿ ಇದ್ದರೆ 30 ದಿನದೊಳಗೆ ಆದೇಶ ಬರಬೇಕು. ಅಲ್ಲಿಗೆ ಮುಗಿಯಿತೆಂದು ಸುಮ್ಮನಾಗಬೇಡಿ: ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ಸ್ ಇದೆ. ಮರೆತರೆ ದಿನಕ್ಕೆ 200ರಂತೆ 10,000ದವರೆಗೆ ಏರುತ್ತದೆ. ರದ್ದಾದ ದಿನವೇ ಬೋರ್ಡಿನಿಂದ, ಬಿಲ್ ಪುಸ್ತಕದಿಂದ ಸಂಖ್ಯೆ ಅಳಿಸಿಬಿಡಿ.

ಗೃಹಲಕ್ಷ್ಮಿ ತಾನಾಗಿ ಶುರುವಾಗುತ್ತದೆಂದು ಕಾಯಬೇಡಿ. ರದ್ದತಿ ಆದೇಶ, ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್ ಪ್ರತಿ ಹಿಡಿದು ಅರಸೀಕೆರೆಯ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ. ಜಿಎಸ್‌ಟಿ ಯಾವಾಗ ಆಯಿತು, ಯಾವಾಗ ರದ್ದಾಯಿತು ಎರಡನ್ನೂ ಅರ್ಜಿಯಲ್ಲೇ ಬರೆಯಿರಿ, ಮುಚ್ಚಿಡಬೇಡಿ. ನೋಂದಣಿ ಇದ್ದ ತಿಂಗಳುಗಳ ಹಣ ಕೇಳಬೇಡಿ, ಅದು ನಿಮಗೆ ಸಲ್ಲುವುದಲ್ಲ.

ಇನ್ನು ಬಿಪಿಎಲ್ ಕಾರ್ಡು. ಇಲ್ಲಿ ಇಡೀ ಮನೆಯ ಆದಾಯ ವರ್ಷಕ್ಕೆ 1.20 ಲಕ್ಷ ದಾಟಬಾರದು. ಗಂಡನ ಅಂಗಡಿಯಲ್ಲಿ ನೀವು ಸಂಬಳ ಪಡೆದರೂ ಬಿಟ್ಟರೂ ಅದು ಒಂದೇ ಮನೆಯ ದುಡ್ಡು. ಆದಾಯವೆಂದರೆ ವ್ಯಾಪಾರವಲ್ಲ, ಲಾಭ. 1,17,000ಕ್ಕೆ ಶೇ 12ರಂತೆ 14,040. ಅದರಲ್ಲಿ ನೀವು ಬರೆದಿರುವ ಬಾಡಿಗೆ 3,000, ಕರೆಂಟು 900, ಸಾಗಣೆ ಮತ್ತು ಕೆಟ್ಟ ಮಾಲು 1,000, ಸಾಲದ ಬಡ್ಡಿ 700 ಕಳೆದರೆ ಉಳಿಯುವುದು 8,440, ವರ್ಷಕ್ಕೆ 1,01,280. ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚು, ಅಸಲು ಕಳೆಯುವಂತಿಲ್ಲ. ಗಲ್ಲಾಪೆಟ್ಟಿಗೆಯಲ್ಲಿ ತಿಂಗಳ ಕೊನೆಗೆ ಉಳಿದದ್ದನ್ನೇ ಆದಾಯವೆಂದು ಬರೆಯುವಂತೆಯೂ ಇಲ್ಲ, ಮನೆಗೆ ಒಯ್ದ ಬೇಳೆ, ಎಣ್ಣೆ ಹೋದದ್ದು ಲಾಭದಿಂದಲೇ. ಈ ಲೆಕ್ಕದಲ್ಲಿ ನೀವು ಮಿತಿಯ ಒಳಗಿದ್ದೀರಿ, ಆದರೆ ಬಹಳ ಒಳಗೇನಲ್ಲ. ಒಂದು ವೇಳೆ ದಾಟಿ ಎಪಿಎಲ್ ಆದರೂ ಗೃಹಲಕ್ಷ್ಮಿ ಹೋಗುವುದಿಲ್ಲ; ಅದು ಎಪಿಎಲ್ ಕಾರ್ಡಿನವರಿಗೂ ಇದೆ. ಒಂದೇ ಒಲೆಯ ಮನೆಯಲ್ಲಿದ್ದು ಮಗನಿಗೆ ಬೇರೆ ಕಾರ್ಡು ಮಾಡಿಸುವ ಉಪಾಯ ಮಾತ್ರ ಬೇಡ.

ಮಗನ ವಿಷಯ. ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದ ಮಿತಿ. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು, ಮುಂದೆ ಓದುತ್ತಿರಬಾರದು, ಸಾಲ ಪಡೆದು ಸ್ವಂತ ಉದ್ಯೋಗ ಮಾಡುತ್ತಿರಬಾರದು. ಅಂಗಡಿ, ಸಾಲ ಎರಡೂ ಅವನ ಹೆಸರಲ್ಲಿಲ್ಲ, ಕೂಲಿಯೂ ಇಲ್ಲ. ನೀವು ಊಟಕ್ಕೆ ಎದ್ದಾಗ ತಕ್ಕಡಿ ಹಿಡಿಯುವುದು ಉದ್ಯೋಗವಲ್ಲ ಎಂಬುದು ನಮ್ಮ ತಿಳಿವಳಿಕೆ, ಅವನು ಅರ್ಜಿ ಹಾಕಬಹುದು. ಆದರೆ ನಾಳೆ ಜಿಎಸ್‌ಟಿ ಕಷ್ಟ ತಪ್ಪಲೆಂದು ಅಂಗಡಿಯನ್ನು ಅವನ ಹೆಸರಿಗೆ ಮಾಡಿಸಿದರೆ, ಮುದ್ರಾ ಸಾಲ ಎತ್ತಿದರೆ, ಅಂದಿಗೇ ನಿಲ್ಲಿಸಬೇಕು. ಸೇವಾ ಸಿಂಧುವಿನಲ್ಲಿ ಗಡುವಿನೊಳಗೆ ಕೊಡುವ ಸ್ವಯಂ ಘೋಷಣೆಗೆ ಅವನೇ ಜವಾಬ್ದಾರ.

ನಿಮ್ಮ ಯಜಮಾನರಿಗೆ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಆಗಿದೆಯೇ ಎಂದು ಬರೆದಿಲ್ಲ. ಲಕ್ವದಿಂದ ಶೇ 40 ಅಥವಾ ಅದಕ್ಕಿಂತ ಹೆಚ್ಚು ಊನವಿದೆಯೆಂದು ವೈದ್ಯಕೀಯ ಮಂಡಳಿ ಹೇಳಿದರೆ ಅಂಗವಿಕಲ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬಹುದು. ಅದಕ್ಕೆ ಆದಾಯ ಮಿತಿ ಕಾರ್ಡಿನ ಮಿತಿಗಿಂತ ಬಿಗಿ, ಮೊದಲೇ ವಿಚಾರಿಸಿ. ಆದಾಯ ಪ್ರಮಾಣಪತ್ರಕ್ಕೆ ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದಾಗ ಮೇಲಿನ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು, ಖರೀದಿ ಬಿಲ್ಲುಗಳ ಜೊತೆ ಪಿನ್ ಮಾಡಿ ಕೊಡಿ.

— ಸಂಪಾದಕರು