ಸ್ಕ್ರ್ಯಾಬಲ್ ಆಡಿಕೊಂಡೇ ಜೀವನ ಮಾಡಬಹುದಾ?

ನೀವು ಕೇಳಿದ್ದು ಇದು: ಅಕ್ಕನ ಮಗ ಮಂಡ್ಯದಲ್ಲಿ ಎಂಟನೇ ಕ್ಲಾಸ್, ಕನ್ನಡ ಮೀಡಿಯಂ. ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ ಸ್ಕ್ರ್ಯಾಬಲ್‌ನಲ್ಲಿ ಮನೆಯವರನ್ನೆಲ್ಲ ಸೋಲಿಸುತ್ತಾನೆ. ಇಂಗ್ಲಿಷ್ ಮಾತಾಡಲು ಹಿಂಜರಿಯುವ ಹುಡುಗ ಇದರಲ್ಲಿ ಚಾಂಪಿಯನ್ ಆಗಬಹುದಾ? ಆದರೆ ಅದೇ ಅವನ ಕೆರಿಯರ್ ಆಗುತ್ತಾ?

ಚಾಂಪಿಯನ್ ಆಗಬಹುದು. ಹೊಟ್ಟೆಪಾಡಿಗೆ ಮಾತ್ರ ಬೇರೆ ಕೆಲಸ ಬೇಕು.

ನಾನು ಮೈಸೂರಿನವನು. ಒಂಬತ್ತನೇ ಕ್ಲಾಸಿನಿಂದ ಡಿಗ್ರಿ ಮುಗಿಯುವವರೆಗೂ ಟೂರ್ನಿ ಆಡಿದವನು. ನನ್ನ ವಯಸ್ಸಿನವರ ಗುಂಪಿನಲ್ಲಿ ಎರಡು ಸಲ ಮೊದಲ ಬಹುಮಾನವೂ ಬಂತು. ನಮ್ಮ ಮನೆಯಲ್ಲೂ ಯಾರೂ ಇಂಗ್ಲಿಷ್ ಮಾತಾಡುತ್ತಿರಲಿಲ್ಲ. ಅದರಿಂದ ನಷ್ಟವೇನೂ ಆಗಲಿಲ್ಲ.

ಯಾಕೆ ಅಂದರೆ ಈ ಆಟಕ್ಕೆ ಪದದ ಅರ್ಥ ಬೇಕಿಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಹೆಸರು ಕೇಳಿದ್ದೀರಾ? ಇಂಗ್ಲಿಷ್ ಸ್ಕ್ರ್ಯಾಬಲ್‌ನಲ್ಲಿ ಐದು ಸಲ ವಿಶ್ವ ಚಾಂಪಿಯನ್. 2015ರಲ್ಲಿ ಫ್ರೆಂಚ್ ಭಾಷೆಯ ವಿಶ್ವ ಚಾಂಪಿಯನ್‌ಶಿಪ್ಪನ್ನೂ ಗೆದ್ದುಬಿಟ್ಟರು. ಅವರಿಗೆ ಫ್ರೆಂಚ್ ಮಾತಾಡಲು ಬರುವುದಿಲ್ಲ. ಸುಮಾರು ಒಂಬತ್ತು ವಾರ ಕೂತು ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದರು, ಅಷ್ಟೇ. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಗೆದ್ದರು. 2003ರ ವಿಶ್ವ ಚಾಂಪಿಯನ್ ಥಾಯ್ಲೆಂಡಿನ ಹುಡುಗ, ಪಾನುಪೋಲ್ ಸುಜ್ಜಯಕೋರ್ನ್. ಅವನದೂ ಮನೆಮಾತು ಇಂಗ್ಲಿಷ್ ಅಲ್ಲ. ಮಂಡ್ಯದವನಿಗೆ ಏನು ಕಮ್ಮಿ? ಅಂದಹಾಗೆ ಟೂರ್ನಿಯ ನಿಘಂಟಿನಲ್ಲಿ ಇಡ್ಲಿ ಇದೆ, ರಾಗಿಯೂ ಇದೆ. ಮುದ್ದೆಯನ್ನು ಮಾತ್ರ ಸೇರಿಸಿಲ್ಲ.

ಹಾಗಾದರೆ ಕಲಿಯುವುದು ಏನು? ಮೊದಲು ಎರಡಕ್ಷರದ ಪದಗಳು. 120ಕ್ಕೂ ಜಾಸ್ತಿ ಇವೆ. ಅವು ಬಾಯಿಗೆ ಬಾರದೆ ಟೂರ್ನಿಗೆ ಹೋದರೆ ಬೆಳಗ್ಗೆಯೇ ಸೋತು, ಮಧ್ಯಾಹ್ನದ ಊಟಕ್ಕೆ ಕಾಯುತ್ತಾ ಕೂರಬೇಕು. ನಾನು ಹಾಗೆ ಕೂತಿದ್ದೇನೆ. ಆಮೇಲೆ ಮೂರಕ್ಷರದವು. ಆಮೇಲೆ ಏಳಕ್ಷರದವು, ನಿಜವಾದ ಆಟ ಅಲ್ಲೇ ಇರುವುದು. ಕೈಯಲ್ಲಿರುವ ಏಳೂ ಬಿಲ್ಲೆಗಳನ್ನು ಒಂದೇ ಸಲ ಇಟ್ಟರೆ 50 ಪಾಯಿಂಟ್ ಹೆಚ್ಚುವರಿ. ಈ ಆಟ ಕಟ್ಟಿದ ಆಲ್ಫ್ರೆಡ್ ಬಟ್ಸ್ ಪತ್ರಿಕೆಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿ ಬಿಲ್ಲೆ ಹಂಚಿದ್ದರು. ಅದಕ್ಕೇ 100 ಬಿಲ್ಲೆಗಳಲ್ಲಿ ಇ ಹನ್ನೆರಡು, ಕ್ಯೂ ಒಂದೇ ಒಂದು. ಪದೇ ಪದೇ ಕೈಗೆ ಬರುವ ಅಕ್ಷರಗಳ ಪದಗಳನ್ನು ಮೊದಲು ಕಲಿಯಬೇಕು. (ಕನ್ನಡದಲ್ಲಿ ಈ ಆಟ ಮಾಡಲು ನಾವು ಗೆಳೆಯರು ಒಮ್ಮೆ ರಟ್ಟು ಕತ್ತರಿಸಿದ್ದೆವು. ‘ಸ್ತ್ರೀ’ ಬರೆಯಲು ಎಷ್ಟು ಬಿಲ್ಲೆ ಅನ್ನುವ ಜಗಳದಲ್ಲೇ ಅದು ಮುಗಿಯಿತು.)

ಹಳೆಯ ಮದುವೆ ಕಾರ್ಡುಗಳ ಹಿಂದೆ ನಾನು ಪದ ಬರೆದುಕೊಳ್ಳುತ್ತಿದ್ದೆ. ಒಂದು ಕಡೆ ಏಳು ಅಕ್ಷರಗಳು ಎ, ಬಿ, ಸಿ ಕ್ರಮದಲ್ಲಿ, ಇನ್ನೊಂದು ಕಡೆ ಅವುಗಳಿಂದ ಆಗುವ ಪದಗಳು. ಭಾನುವಾರ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುವಾಗ ಅದೇ ಕೆಲಸ. ಪಾಂಡವಪುರ ಬರುವಷ್ಟರಲ್ಲಿ ಒಂದು ಕಟ್ಟು, ಮಂಡ್ಯಕ್ಕೆ ಇನ್ನೊಂದು. ಮದ್ದೂರಿನಲ್ಲಿ ವಡೆ ಮಾರುವವರು ಹತ್ತಿದ ಮೇಲೆ ಓದು ಸಾಗುತ್ತಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಇದ್ದರೂ ವಡೆ ಬೇಕೇ ಬೇಕು.

ಈಗ ದುಡ್ಡಿನ ವಿಷಯ. ಗೆದ್ದ ವರ್ಷವೂ ಬಹುಮಾನದ ಹಣ ನನ್ನ ರೈಲು ಚಾರ್ಜು, ಪ್ರವೇಶ ಶುಲ್ಕಕ್ಕೇ ಸಾಲಲಿಲ್ಲ. ಚೆಸ್ ಆಡುವವರಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ ಸಿಗುವುದುಂಟು. ಇದಕ್ಕೆ ಆ ದಾರಿ ಇಲ್ಲ. ಕೆಲಸದ ಅರ್ಜಿಯಲ್ಲಿ ನಾನು ಹೆಮ್ಮೆಯಿಂದ ‘ಸ್ಕ್ರ್ಯಾಬಲ್ ಚಾಂಪಿಯನ್’ ಅಂತ ಬರೆದಿದ್ದೆ. ಸಂದರ್ಶನದಲ್ಲಿ ಒಬ್ಬರು ‘ಸೆರೆಂಡಿಪಿಟಿ ಅಂದರೇನಪ್ಪಾ?’ ಅಂತ ಕೇಳಿದರು. ಗೊತ್ತಿರಲಿಲ್ಲ. ಹನ್ನೊಂದು ಅಕ್ಷರದ ಪದ, ಬೋರ್ಡಿನ ಮೇಲೆ ಬರುವುದೇ ಅಪರೂಪ, ಅದನ್ನು ಯಾರು ಕಲಿಯುತ್ತಾರೆ? ಹಾಗಂತ ಅವರಿಗೆ ಹೇಳಲು ಆಗುತ್ತಾ? ಆ ಕೆಲಸ ಸಿಗಲಿಲ್ಲ. ಈಗ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಆಟ ಭಾನುವಾರಕ್ಕೆ ಮಾತ್ರ.

ಅದಕ್ಕೇ ಅಕ್ಕನಿಗೆ ಒಂದು ಮಾತು ಹೇಳಿ. ‘ಇದರಿಂದ ಇಂಗ್ಲಿಷ್ ಸುಧಾರಿಸುತ್ತೆ’ ಅಂತ ಅವನನ್ನು ಕೂರಿಸಬೇಡಿ. ನನ್ನದು ಅಷ್ಟೇನೂ ಸುಧಾರಿಸಲಿಲ್ಲ. ಹಾಗೇ ಎಸ್ಸೆಸ್ಸೆಲ್ಸಿ ಹತ್ತಿರ ಬಂತು ಅಂತ ಬೋರ್ಡನ್ನು ಅಟ್ಟದ ಮೇಲೂ ಎಸೆಯಬೇಡಿ. ದಿನಕ್ಕೆ ಅರ್ಧ ಗಂಟೆ ಸಾಕು. ರಿಚರ್ಡ್ಸ್ ಈ ಆಟ ಶುರು ಮಾಡಿದ್ದೇ 28ನೇ ವಯಸ್ಸಿನಲ್ಲಿ. ನಿಮ್ಮ ಹುಡುಗನಿಗೆ ಇನ್ನೂ ಬೇಕಾದಷ್ಟು ಟೈಮ್ ಇದೆ.

ಮನೆಯವರನ್ನು ಸೋಲಿಸುವುದು ದೊಡ್ಡದಲ್ಲ, ಟೂರ್ನಿಯಲ್ಲಿ ಗಡಿಯಾರ ಇರುತ್ತದೆ. ಇಡೀ ಆಟಕ್ಕೆ ಒಬ್ಬೊಬ್ಬರಿಗೆ 25 ನಿಮಿಷ. ಮೀರಿದರೆ ಪಾಯಿಂಟ್ ಕಡಿತ. ಮೊದಲು ಮೊಬೈಲಿನಲ್ಲಿ ಟೈಮರ್ ಇಟ್ಟು ಆಡಿಸಿ. ಇನ್ನೊಂದು ಸಣ್ಣ ಪರೀಕ್ಷೆ: ಎ, ಇ, ಐ, ಎನ್, ಆರ್, ಎಸ್, ಟಿ ಬಿಲ್ಲೆಗಳನ್ನು ಅವನ ಮುಂದೆ ಇಡಿ. ಏಳನ್ನೂ ಬಳಸಿ ಎಷ್ಟು ಪದ ಮಾಡುತ್ತಾನೆ ನೋಡಿ. ಹತ್ತು ನಿಮಿಷದಲ್ಲಿ ಮೂರು ಮಾಡಿದರೆ ಹುಡುಗ ಗಟ್ಟಿ. ಐದು ಮಾಡಿದರೆ ನನಗೆ ತಿಳಿಸಿ, ನಾನು ಆ ವಯಸ್ಸಿನಲ್ಲಿ ಮಾಡಿದ್ದು ಎರಡೇ.